ವಾಲ್ವಿಗೆ ಹೊಕ್ಕ ನೀರು

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಐರಿ ಟ್ರ್ಯಾಕ್ಟರಿನ ಪಕ್ಕ ಮಂಡಿಯೂರಿ ಕೂರುವಳು. ಹಿಮ ಬಾಚುವ ಮುಂದಿನ ಬಕೆಟ್ಟನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ವಾಲ್ವಿನ ತಳದ ಮುಚ್ಚಳ ಬಿಚ್ಚಿ, ಒಳಗೆ ಸೇರಿಕೊಂಡ ತೇವವನ್ನು ಬಟ್ಟೆಯಿಂದ ಒರೆಸಿ, ಗ್ರೀಸು ತುಂಬಿ, ಮೇಲಿನ ರಬ್ಬರ್ ಟೋಪಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕುವಳು. ಒಂದು ಚಮಚ ನೀರು ಉಳಿದರೂ ಸಾಕು, ಉತ್ತರದ ಹಿಮನಾಡಾದ ಕೈನೂ ಸೀಮೆಯ ಚಳಿಗೆ ಅದು ಕಲ್ಲಾಗಿ ಲಿವರನ್ನು ಕಚ್ಚಿ ಹಿಡಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಹಳ್ಳಿಯ ನಾಲ್ಕು ಕಿಲೋಮೀಟರ್ ರಸ್ತೆಯ ಹಿಮ ತೆಗೆದವಳು ಅವಳೇ. ಊರಿನ ರಸ್ತೆ ಸಂಘ ಕೊಡುವ ಗುತ್ತಿಗೆಯ ಕಾಗದದಲ್ಲಿ ಮಾತ್ರ ಅಣ್ಣ ತೌನೊನ ಹೆಸರು.

ಆ ವರ್ಷದ ಬೇಸಿಗೆಯಲ್ಲಿ, ಸೌನಾ ಕೋಣೆಯ ಬಿಸಿ ಹಬೆಯಲ್ಲಿ ಮಿಂದು ಮೆಟ್ಟಿಲ ಮೇಲೆ ಕೂತಿದ್ದಾಗ ತೌನೊ ತಾನಾಗಿಯೇ ಹೇಳಿದ್ದ: "ನನ್ನ ಸೊಂಟ ಹೋಯ್ತು ಕಣೇ. ಈ ಸಲ ರಸ್ತೆ ಸಂಘದವ್ರಿಗೆ ನಿನ್ನ ಹೆಸರೇ ಬರ್ಕೊಳ್ಳಿ ಅಂತೀನಿ."

ಐರಿ ಆ ಮಾತನ್ನು ನಾಲ್ಕು ತಿಂಗಳು ಎದೆಯಲ್ಲಿಟ್ಟುಕೊಂಡು ಓಡಾಡಿದಳು. ಐವತ್ತೊಂಬತ್ತು ವರ್ಷ ಬಾಳಿದ ಆ ಮನೆಯಲ್ಲಿ ಅವಳ ಹೆಸರು ಬರೆದ ಕಾಗದ ಒಂದೂ ಇರಲಿಲ್ಲ. ಜಮೀನು, ಹಸು, ಟ್ರ್ಯಾಕ್ಟರು ಎಲ್ಲ ಅಣ್ಣನವು.

ನವೆಂಬರಿನ ಒಂದು ಶನಿವಾರ ಸಂಘದವರು ಯಂತ್ರ ನೋಡಿ ಕಾಗದ ಬರೆಯಲು ಬರುವವರಿದ್ದರು. ಹಿಂದಿನ ದಿನ ಐರಿ ಪೇಟೆಯಿಂದ ಬಂದಾಗ ಟ್ರ್ಯಾಕ್ಟರು ಅಂಗಳದ ನಡುವೆ ಮದುವಣಗಿತ್ತಿಯ ಹಾಗೆ ಹೊಳೆಯುತ್ತ ನಿಂತಿತ್ತು.

"ತೊಳೆದ್ಯಾ?"

"ಹೂಂ, ಪಂಪಲ್ಲಿ. ಸಗಣಿ ಮೆತ್ಕೊಂಡಿರೋ ಗಾಡೀನ ಜನಕ್ಕೆ ತೋರ್ಸೋಕಾಗುತ್ತಾ?" ಎಂದ ತೌನೊ.

"ಚಳಿ ಬಿದ್ಮೇಲೆ ಪಂಪು ಹಿಡೀಬೇಡ, ಪೊರಕೇಲಿ ಗುಡ್ಸು ಅಂತ ಎಷ್ಟು ಸಲ ಬಡ್ಕೊಂಡಿದೀನಿ! ರಬ್ಬರಿನ ಸಂದೀಲಿ ನೀರು ನುಗ್ಗಿರುತ್ತೆ. ಕೊಟ್ಟಿಗೆ ಬೆಚ್ಚಗಿದೆ, ಒಳಗೆ ತಗೊಂಡ್ ಬಾ. ಈಗ್ಲೇ ಬಿಚ್ಚಿ ಒಣಗಿಸ್ತೀನಿ."

"ಕೊಟ್ಟಿಗೆಗೆ ತಂದ್ರೆ ಮತ್ತೆ ಸಗಣಿ. ಒಂದಿನ ಸುಮ್ನಿರು ಮಾರಾಯ್ತಿ. ನಿನ್ನ ಹೆಸರಿಗೆ ಅಂತಲೇ ಅಲ್ವಾ ಇಷ್ಟು ಚಂದ ಮಾಡಿದ್ದು?"

ಆ ಕೊನೆಯ ಮಾತಿಗೆ ಐರಿ ಸೋತಳು.

ಬೆಳಗಾದಾಗ ಚಳಿ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿತ್ತು. ಅವಳು ಹಾಲು ಕರೆದು ಮುಗಿಸುವಷ್ಟರಲ್ಲಿ ಸಂಘದ ಅಧ್ಯಕ್ಷ ಒಸ್ಮೊ ಇನ್ನಿಬ್ಬರೊಡನೆ ಬಂದು, ಕಾಫಿ ಕುಡಿದು, ಏಲಕ್ಕಿ ಬನ್ನು ತಿಂದು, ಅಂಗಳಕ್ಕಿಳಿದಿದ್ದ.

"ಎಲ್ಲಿ, ಒಂದ್ಸಲ ಎತ್ತಿ ತೋರ್ಸಿ ನೋಡೋಣ."

ಐರಿ ಹತ್ತಿ ಕೂತಳು. ಎಂಜಿನ್ ಚಾಲೂ ಆಯಿತು. ಲಿವರ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಬಲ ಹಾಕಿದರೆ ಒಳಗಿನ ಕಡ್ಡಿ ಮುರಿಯುತ್ತದೆಂದು ಗೊತ್ತಿದ್ದರಿಂದ ಕೈ ತೆಗೆದಳು.

"ಏನೋ ತೌನೊ, ಗಾಡಿಗೂ ನಿನ್ನ ಹಾಗೇ ಸೊಂಟ ಹಿಡ್ಕೊಂಡಿದ್ಯಾ?" ಎಂದ ಒಸ್ಮೊ. ಮೂವರೂ ನಕ್ಕರು.

ಐರಿ ಅಣ್ಣನ ಮುಖ ನೋಡಿದಳು. ನಾನೇ ತೊಳೆದೆ, ಅವಳಿಗೆ ಒಣಗಿಸೋಕೆ ಬಿಡಲಿಲ್ಲ. ಅವನು ಇಷ್ಟು ಹೇಳಿದ್ದರೆ ಸಾಕಿತ್ತು.

ತೌನೊ ತನ್ನ ಬೂಟಿನ ತುದಿ ನೋಡುತ್ತ, "ಆ ವಾಲ್ವ್ ನೋಡ್ಕೊಳ್ಳೋದು ಐರಿನೇ" ಎಂದ.

ಸುಳ್ಳಲ್ಲದ ಮಾತು. ಅದಕ್ಕೇ ಹೆಚ್ಚು ಚುಚ್ಚಿತು.

"ನಿನ್ನೆ ಪಂಪು ಹಿಡಿದದ್ದು ಯಾರು, ಅದನ್ನೂ ಹೇಳು."

"ಈಗ್ಯಾಕೆ ಅದೆಲ್ಲ, ಬಿಡೇ."

"ಅಣ್ಣ ತಂಗಿ ಜಗಳ ಆಮೇಲಾಡ್ಕೊಳ್ಳಿ," ಎಂದ ಒಸ್ಮೊ. "ಹೆಂಗಸಿನ ಹೆಸರಿಗೆ ಬರೆದು, ನಾಳೆ ರಸ್ತೆ ಕಟ್ಟಿದ್ರೆ ಜನರ ಹತ್ರ ಮಾತು ಕೇಳೋನು ನಾನು. ಹಳೇ ಹೆಸರೇ ಇರ್ಲಿ ತೌನೊ."

"ಇನ್ನೊಂದು ವರ್ಷ ತಾನೇ," ಎಂದು ತೌನೊ ಕೈಗವಸು ಕಳಚಿ ಸಹಿ ಹಾಕಿದ.

ಅವರು ಹೋದ ಮೇಲೆ ಐರಿ ಬಿಸಿಗಾಳಿ ಊದುವ ಯಂತ್ರ ತಂದು ವಾಲ್ವಿಗೆ ಹಿಡಿದಳು. ಮುಚ್ಚಳ ಬಿಚ್ಚಿದಾಗ ಹೆಬ್ಬೆರಳಿನಷ್ಟು ಮಂಜುಗಡ್ಡೆ ಅಂಗೈಗೆ ಜಾರಿತು. ತೌನೊ ಕುದಿಯುವ ನೀರಿನ ಕೆಟಲ್ ಹಿಡಿದು ಬಂದ.

"ಇದನ್ನ ಸುರಿದ್ರೆ ಬೇಗ ಕರಗುತ್ತೆ."

"ಸುರಿ. ಅದಕ್ಕೆ ಇನ್ನೊಂದಿಷ್ಟು ನೀರು ಕಡ್ಮೆಯಾಗಿತ್ತು."

ಅವನು ಬಂದ ದಾರಿಯಲ್ಲೇ ವಾಪಸಾದ. ಐರಿ ಪೂರ್ತಿ ಒಣಗಿಸಿ ಗ್ರೀಸು ತುಂಬಿದಳು. ಸಿಟ್ಟು ಇಳಿಯದಿದ್ದರೂ ಕೆಲಸ ಕೆಡಿಸಲಿಲ್ಲ.

ಮಂಗಳವಾರ ಮೊಣಕಾಲುದ್ದ ಹಿಮ ಬಿದ್ದಿತ್ತು. ರಸ್ತೆಯ ಅರ್ಧ ದಾರಿಗೆ ಸೈಮಿ ಅಜ್ಜಿಯ ಮನೆ. ಬೆಳಗ್ಗೆ ಏಳು ಗಂಟೆಗೆ ನರ್ಸ್ ಬಂದು ಅವಳಿಗೆ ಇನ್ಸುಲಿನ್ ಚುಚ್ಚಬೇಕು. ಐರಿ ಅಲ್ಲಿಯವರೆಗೆ ಹಿಮ ತೆಗೆದಳು.

ಅಜ್ಜಿ ಕಿಟಕಿ ಸಂದು ಮಾಡಿ ಕೂಗಿದಳು: "ತೌನೊ ಪುಣ್ಯಾತ್ಮ ಕಣಮ್ಮಾ! ನಾ ಹೇಳಿದೆ ಅಂತ ಹೇಳು!"

"ಹೇಳ್ತೀನಿ ಅಜ್ಜಿ. ಕಿಟಕಿ ಹಾಕ್ಕೊಳ್ಳಿ, ಚಳಿ."

ಮುಂದೆ ಇನ್ನೆರಡು ಕಿಲೋಮೀಟರ್ ಇತ್ತು. ಅಲ್ಲಿರುವುದು ಒಸ್ಮೊನ ಮನೆಯೊಂದೇ. ಐರಿ ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಕೂತಳು. ಆಮೇಲೆ ಬಕೆಟ್ ಎತ್ತಿ, ಗಾಡಿ ತಿರುಗಿಸಿ, ಮನೆಗೆ ಬಂದಳು.

ಎಂಟಕ್ಕೆ ಫೋನು ಬಂತು. "ಏನಮ್ಮಾ, ಅರ್ಧಕ್ಕೇ ಬಿಟ್ಟು ಹೋಗಿದೀರಿ? ನಾನು ಆಸ್ಪತ್ರೆಗೆ ಹೊರಟಿದ್ದೆ, ಕಾರು ಗೇಟು ದಾಟ್ತಿಲ್ಲ!" ಒಸ್ಮೊನ ದನಿ.

"ಕಾಗದ ಯಾರ ಹೆಸರಲ್ಲಿದೆ ಒಸ್ಮೊ?"

"ತೌನೊನ ಹೆಸರಲ್ಲಿ, ಆದ್ರೆ ಈಗ..."

"ಅವನಿಗೇ ಕೊಡ್ತೀನಿ, ಇರು." ಅವಳು ಫೋನನ್ನು ತೌನೊನ ರೊಟ್ಟಿಯ ತಟ್ಟೆಯ ಪಕ್ಕ ಇಟ್ಟಳು.

ತೌನೊ ಹೂಂಗುಟ್ಟಿ ಫೋನಿಟ್ಟ. "ಐರಿ, ಇನ್ನರ್ಧಾನೂ ನೀನೇ..."

"ಕೀಲಿ ಗಾಡೀಲೇ ಇದೆ."

ಮೇಜಿನ ಅಂಚು ಹಿಡಿದು ಅವನು ಎದ್ದ. ಬೂಟು ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಬಗ್ಗಿ ಲೇಸು ಕಟ್ಟಿಕೊಡಲು ಐರಿ ಹೋಗಲಿಲ್ಲ. ಟ್ರ್ಯಾಕ್ಟರಿನ ಮೆಟ್ಟಿಲಿಗೆ ಎರಡು ಸಲ ಕಾಲಿಟ್ಟು, ಎರಡು ಸಲವೂ ಕೆಳಗಿಳಿದು, ಅವನು ಮನೆಯ ಕಡೆ ತಿರುಗಿ ನೋಡಿದ. ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಆದರೂ ಕಿಟಕಿಯಲ್ಲೇ ನಿಂತಿದ್ದಳು, ಅವನು ಮೂರನೆಯ ಸಲ ಕಾಲೆತ್ತುವವರೆಗೆ.