ಚುಕ್ಕೆಯಷ್ಟು ಬೆಳ್ಳಿ

ಕಾಂತಕ್ಷೇತ್ರ ಏರಿಸಿದಷ್ಟೂ ಆ ಹರಳಿನ ವಿದ್ಯುತ್ ರೋಧ ಇಳಿಯುತ್ತಲೇ ಹೋಯಿತು. ಪ್ರಯೋಗಾಲಯಕ್ಕೆ ಪ್ರಯೋಗಾಲಯವೇ ಕುಣಿದಾಡಿತು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ.

ನಮ್ಮದು ಅರೆಲೋಹದ ಹರಳುಗಳ ಕೆಲಸ. ಪೂರಾ ಲೋಹವೂ ಅಲ್ಲ, ಅಲ್ಲವೆನ್ನಲೂ ಆಗದು, ಅಂಥ ಎಡಬಿಡಂಗಿ ವಸ್ತು. ಅದರೊಳಗೆ ವಿದ್ಯುತ್ ಹೊರುವ ಕಣಗಳು ಕಡಿಮೆ, ಆದರೆ ಇರುವವು ಮಹಾ ಚುರುಕು. ಕಡುಚಳಿಯಲ್ಲಿಟ್ಟು ಅಡ್ಡಲಾಗಿ ಕಾಂತಕ್ಷೇತ್ರ ಕೊಟ್ಟರೆ ಅವುಗಳ ದಾರಿ ಬಾಗಿ ರೋಧ ಸಾವಿರಪಟ್ಟು ಏರಿಬಿಡುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ವಿದ್ಯುತ್ತು ಹರಿಯುವ ದಿಕ್ಕಿಗೇ ಕ್ಷೇತ್ರವನ್ನೂ ತಿರುಗಿಸಿದಾಗ ರೋಧ ಇಳಿದರೆ ಮಾತ್ರ ದೊಡ್ಡ ಸುದ್ದಿ. ನಮ್ಮಲ್ಲಿ ಇಳಿದಿತ್ತು.

ಹರಳು ಬೆಳೆಸಿದವಳೂ ಅದಕ್ಕೆ ತಂತಿ ಅಂಟಿಸಿದವಳೂ ನನ್ನ ಅಕ್ಕ. ಅಳೆಯುವವನು ನಾನು. ಅಂಟಿಸಿದವರು ಅಳೆಯಬಾರದು, ಅಳೆಯುವವರು ಅಂಟು ಮುಟ್ಟಬಾರದು, ಇದು ನಮ್ಮಲ್ಲಿನ ಕಟ್ಟಳೆ. ಅಕ್ಕಿಕಾಳಿಗಿಂತ ಚಿಕ್ಕ ಹರಳಿನ ಮೇಲೆ ಕೂದಲೆಳೆಯಂಥ ತಂತಿಗಳನ್ನು ಬೆಳ್ಳಿಯ ಅಂಟಿನಲ್ಲಿ ಕೂರಿಸಬೇಕು. ಅಕ್ಕನ ಕೈಯೆಂದರೆ ಕೈ! ಆದರೆ ಈಚೆಗೆ ಮುಖ್ಯಸ್ಥರು, "ವಯಸ್ಸಾಯ್ತಲ್ಲ, ಇನ್ನು ಉಗ್ರಾಣ ನೋಡ್ಕೊಳ್ಳಲಿ" ಎಂದು ರಾಗ ಎಳೆಯತೊಡಗಿದ್ದರು. ಹರಳು ಬಿಟ್ಟರೆ ಅಕ್ಕನಿಗೆ ಬೇರೆ ಬದುಕಿಲ್ಲ. ರೋಧ ಇಳಿದದ್ದೇ ತಡ, ಮುಖ್ಯಸ್ಥರ ಬಾಯಿಗೆ ಬೀಗ ಬಿತ್ತು.

ಅಂದು ಸಂಜೆ ಮನೆಯಲ್ಲಿ ಅಕ್ಕ ಚಹಾ ತಂದಳು. ಅರ್ಧ ಲೋಟ.

"ಏನಕ್ಕ, ಇಷ್ಟು ದೊಡ್ಡ ಕೆಲಸ ಮಾಡಿ ಚಹಾದಲ್ಲಿ ಜಿಪುಣತನವಾ?"

"ಸುಮ್ನೆ ಕುಡಿಯೋ ಹೊಟ್ಟೆಬಾಕ. ಬೇಕಾದ್ರೆ ಇನ್ನೊಂದ್ಸಲ ಹಾಕ್ತೀನಿ."

ಈಚೆಗೆ ಅವಳು ಯಾರಿಗೇ ಆದರೂ ಅರ್ಧವೇ ತರುತ್ತಿದ್ದಳು. ಲೋಟ ಇಡುವಾಗ ಎಡಗೈ ಬಂದು ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದದ್ದು ಕಂಡಿತು. ಚೆಲ್ಲೀತೆಂದು ಹೆದರಿ ಕಡಿಮೆ ಹಾಕುತ್ತಿದ್ದಾಳೆ. ಅಯ್ಯೋ, ಅಂಟನ್ನೂ ಹಾಗೇ ಹಾಕಿದ್ದಾಳೆಯೇ?

ಬೆಳಗ್ಗೆ ಹೋದವನೇ ಕಟ್ಟಳೆ ಮುರಿದು ಹರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ವಿದ್ಯುತ್ತು ಒಳಹೋಗುವ ತುದಿಗೂ ಹೊರಬರುವ ತುದಿಗೂ ಮುಖದ ತುಂಬ ಅಂಟು ಬಳಿದಿರಬೇಕು. ಅಲ್ಲಿದ್ದದ್ದು ಒಂದೊಂದು ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ವಿದ್ಯುತ್ತು ಕ್ಷೇತ್ರದ ಜಾಡು ಹಿಡಿದು ತೆಳ್ಳಗೆ, ನೆಟ್ಟಗೆ ಓಡಿಹೋಗಿತ್ತು. ಪಕ್ಕದಲ್ಲಿ ಕಾದು ಕೂತಿದ್ದ ನನ್ನ ಅಳತೆಯ ತಂತಿಗಳತ್ತ ತಿರುಗಿಯೂ ನೋಡಿರಲಿಲ್ಲ. ಕ್ಷೇತ್ರ ಏರಿದಷ್ಟೂ ಅವು ಕಡಿಮೆ ತೋರಿಸಿದವು, ನಾವು ರೋಧ ಇಳಿಯಿತೆಂದು ಕುಣಿದೆವು.

ನಾನೇ ಎರಡೂ ಮುಖ ಪೂರ್ತಿ ಬಳಿದು, ಒಣಗಿಸಿ, ಮತ್ತೆ ಅಳೆದೆ. ಏರಿತು. ಹಾಳಾದ್ದು, ಒಂದಿಷ್ಟಾದರೂ ಇಳಿಯಬಾರದಿತ್ತೇ!

ಅಕ್ಕನಿಗೆ "ಏರ್ತಿದೆ ಅಕ್ಕ" ಎಂದಷ್ಟೇ ಹೇಳಿದೆ. ಅವಳು ಅಂಟು ಬಳಿಯುವ ಕುಂಚ ಹಿಡಿದೇ ನನ್ನ ಹಿಂದೆ ಮುಖ್ಯಸ್ಥರ ಕೋಣೆಗೆ ಬಂದಳು. ಮೆಟ್ಟಿಲು ಹತ್ತುವಾಗಲೇ ನಾನೊಂದು ಸುಳ್ಳು ಹೊಂದಿಸಿಕೊಂಡಿದ್ದೆ.

"ಸರ್, ರೋಧ ನಿಜವಾಗಿ ಇಳೀತಿಲ್ಲ. ಬೆಳ್ಳಿ ಅಂಟು ಹಳೇದಾಗಿತ್ತು, ಸರಿಯಾಗಿ ಹರಡಿರ್ಲಿಲ್ಲ."

ಮುಖ್ಯಸ್ಥರ ಮುಖ ಬಾಡಿತು. ಆದರೂ ನಂಬಿದರು. "ಛೆ! ಹೋಗ್ಲಿ ಬಿಡಿ. ಹೊಸ ಅಂಟು ತರಿಸೋಣ. ನಿಮ್ಮಕ್ಕನೇ ಇನ್ನೊಂದು ಹರಳು ಸಿದ್ಧ ಮಾಡ್ಲಿ."

ಗೆದ್ದೆ ಎಂದುಕೊಂಡೆ. ಪಕ್ಕದಿಂದ ಅಕ್ಕನ ದನಿ ಬಂತು.

"ಅಂಟು ಚೆನ್ನಾಗೇ ಇತ್ತು ಸರ್. ನನ್ನ ಕೈ ನಡುಗತ್ತೆ. ಪಕ್ಕದ ತಂತಿಗೆ ತಾಗಿಬಿಟ್ರೆ ಅಂತ ಹೆದರಿ ಚುಕ್ಕೆ ಇಟ್ಟೆ." ಬಲಗೈಯನ್ನು ಮೇಜಿನ ಮೇಲೆ ಇಟ್ಟಳು. ಅದು ನಡುಗುತ್ತಿತ್ತು. "ಇನ್ನೊಂದು ಹರಳು ನನಗೆ ಕೊಡ್ಬೇಡಿ. ಹಾಳಾಗತ್ತೆ."

ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಗೆ ಬಂದು, "ನಿನಗೇನು ತಲೆ ಕೆಟ್ಟಿದೆಯಾ?" ಎಂದು ರೇಗಿದೆ. ಅವಳು ತನ್ನ ಸಣ್ಣ ಕುಂಚವನ್ನು ಒರೆಸಿ ನನ್ನ ಜೇಬಿಗೆ ಸಿಕ್ಕಿಸಿ, ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇದೆಯೆಂದು ಕೇಳಿದಳು.

ಆ ಸಂಜೆ ಚಹಾ ಲೋಟದ ಕಂಠದವರೆಗೆ ಬಂತು. ಅಡುಗೆಮನೆಯಿಂದ ನನ್ನವರೆಗೆ ತರುವಷ್ಟರಲ್ಲಿ ಅರ್ಧ ನೆಲದ ಪಾಲಾಗಿತ್ತು. ಎಡಗೈ ಸುಮ್ಮನೆ ಜೋತುಬಿದ್ದಿತ್ತು.

"ಕುಡಿಯೋ ಹೊಟ್ಟೆಬಾಕ," ಎಂದಳು.

ಉಳಿದದ್ದನ್ನು ಕುಡಿದು, ಬಟ್ಟೆ ತಂದು ನೆಲ ಒರೆಸಿದೆ. ತಲೆ ಎತ್ತಿ ಅವಳನ್ನು ನೋಡಲು ಆಗಲಿಲ್ಲ.