ಮೊಬೈಲಿನ ವ್ರತ, ಕಂಪ್ಯೂಟರಿನ ವ್ರತ

ಈ ರಿತೇಶನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸುತ್ತಿದೆ. ನನ್ನ ಅಕ್ಕನ ಮಗ, ಅದಕ್ಕೇ ಕೈ ತಡೆದುಕೊಂಡಿದ್ದೇನೆ.

ಡೊಂಬಿವಲಿಯ ನಮ್ಮ ಅಡುಗೆಮನೆಯಿಂದ ಚಾತುರ್ಮಾಸ್ಯ ಹಿಡಿದವರಿಗೆ ವ್ರತದ ಡಬ್ಬಿ ಹೋಗುತ್ತದೆ. ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ಕೊನೆಗೆ ಬೇಳೆ ಇಲ್ಲ. ವೆಬ್‌ಸೈಟಿನಲ್ಲಿ ಒಂದೊಂದಕ್ಕೂ ಒಂದು ಪುಟ. ರಿತೇಶ ಆ ವೆಬ್‌ಸೈಟನ್ನೂ ಎರಡು ಮಾಡಿದ್ದಾನೆ, ಕಂಪ್ಯೂಟರಿಗೊಂದು, ಮೊಬೈಲಿಗೊಂದು. ಯಾವ ಪುಟಕ್ಕೆ ಯಾವುದು ಜೋಡಿ ಎಂದು ಗೂಗಲ್ಲಿಗೆ ತಿಳಿಸಲು ಸೈಟ್‌ಮ್ಯಾಪ್ ಅಂತ ಒಂದು ಪಟ್ಟಿ ಬರೆದಿಡಬೇಕಂತೆ. ಬರೆದ. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದೆ, ಈ ತಿಂಗಳ ಹಾಲಿಲ್ಲದ ಡಬ್ಬಿ ಸರಿಯಾಗಿಯೇ ಬಂತು.

ಇವತ್ತು ಮೂರನೆಯ ತಿಂಗಳ ಮೊದಲ ದಿನ. ಮಧ್ಯಾಹ್ನ ವರ್ತಕ ನಗರದ ಪುಂಡರೀಕಾಕ್ಷ ರಾಯರ ಫೋನು. ಅವರ ಹೆಂಡತಿ ವಾರಿಜಾ ಎರಡು ವರ್ಷದ ಹಿಂದೆ ವ್ರತದ ನಡುವೆಯೇ ತೀರಿಕೊಂಡರು. ಅವಳದ್ದನ್ನು ತಾನು ಪೂರೈಸುತ್ತೇನೆಂದು ಈ ಸಲ ರಾಯರು ಹಿಡಿದಿದ್ದಾರೆ. ಮಗಳು ದಿಶಾ ಮೊಬೈಲಿನಲ್ಲಿ ಡಬ್ಬಿ ತರಿಸುತ್ತಾಳೆ.

"ಸುಂದರಕ್ಕ, ಇವತ್ತಿನ ಶೀರಾ ಭಾರೀ ಲಾಯ್ಕಿತ್ತು ಮಾರಾಯ್ರೆ. ವಾರಿಜಾ ಮಾಡಿದ ಹಾಗೇ!"

ಇವತ್ತು ಶೀರಾ? ಹಾಲಿನಲ್ಲಿ ಬೇಯಿಸಿದ ಶೀರಾ ಮೊಸರಿಲ್ಲದ ಡಬ್ಬಿಯದು. ಶೀತ, ಕೆಮ್ಮು ಅಂತ ಮೊಸರು ಬಿಟ್ಟವರಿಗೆ ಈಗಲೂ ಅದನ್ನು ಕಳಿಸುತ್ತೇವೆ.

ಫೋನನ್ನು ಸೆರಗಿನಲ್ಲಿ ಮುಚ್ಚಿ, ರಿತೇಶನ ಮೊಬೈಲ್ ಕಿತ್ತುಕೊಂಡೆ. ಈ ತಿಂಗಳ ವ್ರತದ ಡಬ್ಬಿ ಎಂದು ಹುಡುಕಿದರೆ ಹೋದ ತಿಂಗಳ ಪುಟ!

"ಅರೆ ಚಿಕ್ಕಮ್ಮ, ಸೈಟ್‌ಮ್ಯಾಪಲ್ಲಿ ಕಂಪ್ಯೂಟರಿಂದು ಬದಲಿಸಿದೆ. ಮೊಬೈಲ್ ಜೋಡಿ ಹಳೇದೇ ರಹ್ ಗಯಾ."

ರಹ್ ಗಯಾ, ಉಳಿದುಹೋಯಿತು ಅಂತೆ! ಇವನ ತಲೆ!

ಸುಮ್ಮನಿದ್ದರೆ ರಾಯರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ವ್ರತ ಹಿಡಿದವರ ಹತ್ತಿರ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಶೀರಾದಲ್ಲಿ ಹಾಲಿತ್ತು ಎಂದು ಹೇಳಿಬಿಟ್ಟೆ, ಕ್ಷಮಿಸಿ ಅಂದೆ.



"ಅವಳದ್ದು ಮತ್ತೆ ಅರ್ಧಕ್ಕೇ ನಿಂತಿತಲ್ಲ," ಎಂದರು ರಾಯರು. ಆಮೇಲೆ ದನಿ ತಗ್ಗಿಸಿ, "ದಿಶಾಗೆ ಮಾತ್ರ ಹೇಳಬೇಡಿ. ಅಮ್ಮನ ವ್ರತ ಅಂತ ಪಾಪ, ಅವಳೇ ಹುಡುಕಿ ಹುಡುಕಿ ತರಿಸಿದ್ದು."

ಅಷ್ಟರಲ್ಲಿ ನಾಳೆಯೂ ತರಿಸಲೇ ಎಂದು ಹಿಂದಿನಿಂದ ದಿಶಾಳ ಖುಷಿಯ ದನಿ ಕೇಳಿತು. "ಪಪ್ಪಾ, ಕಲ್ ಭೀ ಶೀರಾ ಮಂಗಾವೂಂ?"

"ಬೇಡ ಮಗಾ, ಹೊಟ್ಟೆ ತುಂಬಿದೆ," ಎಂದರು ರಾಯರು.

ನಾನು ಫೋನಿಟ್ಟು ಅತ್ತುಬಿಟ್ಟೆ.