ಸುಖಾಗಮನ ಬಯಸುವ ನಲವತ್ತೊಂದು ಮಂದಿ

ಊಟದ ಟೇಬಲ್ಲಿನ ಮೇಲೆ ಮಾಡುವ ಕೆಲಸ ಕೆಲಸವೇ ಅಲ್ಲ ಎಂಬುದು ಲೋಕದ ನಿಯಮವೋ ಏನೋ ಗೊತ್ತಿಲ್ಲ. ಮೆಹದಿಪಟ್ಟಣಂನ ಆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಂತೂ ಏಳು ವರ್ಷದಿಂದ ಅದು ಕಾಯ್ದೆಯೇ ಆಗಿತ್ತು. ಆ ಮನೆಯ ಹಿರಿ ಸೊಸೆ ಶಿವಗಂಗಾ ಡಿಸೈನರ್. ಬಿಸ್ಕತ್ತಿನ ಡಬ್ಬ, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಬಟ್ಟೆ ಅಂಗಡಿಯ ಚೀಲ, ಇವೆಲ್ಲ ಹೇಗೆ ಕಾಣಬೇಕೆಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ಬಣ್ಣ ತುಂಬಿ ಕೊಡುವುದು ಅವಳ ಕಸುಬು. ಅವಳು ಮಾಡಿದ ಉಸ್ಮಾನಿಯಾ ಬಿಸ್ಕತ್ತಿನ ಡಬ್ಬ ಊರಿನ ಎಷ್ಟೋ ಅಂಗಡಿಗಳಲ್ಲಿ ನಿಂತಿದೆ. ಮನೆಗೂ ಬರುತ್ತದೆ. ಬಿಸ್ಕತ್ತು ಮುಗಿದ ಮೇಲೆ ಅತ್ತೆ ವಿಶಾಲಾಕ್ಷಿ ಅದರಲ್ಲಿ ಒಣಮೆಣಸಿನಕಾಯಿ ತುಂಬಿಡುತ್ತಾರೆ. ಇಷ್ಟಾದರೂ ಯಾರಾದರೂ "ಸೊಸಿ ಏನ್ ಮಾಡ್ತಾಳ್ರಿ?" ಎಂದು ಕೇಳಿದರೆ ಅವರ ಉತ್ತರ ಒಂದೇ: "ಮನ್ಯಾಗಽ ಇರ್ತಾಳ್ರಿ. ಏನೋ ಚಿತ್ರ ಬರಕೋಂತ ಕುಂದರ್ತಾಳ."

ಚಿತ್ರ ಬರೆದುಕೊಂಡು ಕೂರುವುದಕ್ಕೂ ಆ ಮನೆಯಲ್ಲಿ ಮುಹೂರ್ತ ಬೇಕು. ಮುಂಜಾನೆ ಒಂಬತ್ತಕ್ಕೆ ನಾಷ್ಟಾ ಮುಗಿದ ಮೇಲೆ ಟೇಬಲ್ಲು ಒರೆಸಿ ಕಂಪ್ಯೂಟರ್ ಹೂಡಬೇಕು. ಹನ್ನೆರಡೂವರೆಗೆ ಮಾವನವರ ಊಟ, ಎತ್ತಿಡಬೇಕು. ಮತ್ತೆ ಹೂಡಬೇಕು. ಮೂರೂವರೆಗೆ ಮಗಳು ಗಗನ ಶಾಲೆಯಿಂದ ಬಂದು ಚೀಲ ಎಸೆಯುತ್ತಾಳೆ, ಮತ್ತೆ ಎತ್ತಿಡಬೇಕು. ಅಲೆಮಾರಿ ಸರ್ಕಸ್ಸಿನವರೂ ದಿನಕ್ಕೆ ಇಷ್ಟು ಸಲ ಗುಡಾರ ಕೀಳುವುದಿಲ್ಲ. ಒಂದು ಸಲ ಅತ್ತೆ ಬಿಸಿ ಹಂಚನ್ನು ತಂದು ಅವಳ ಬರೆಯುವ ಟ್ಯಾಬ್ಲೆಟ್ಟಿನ ಮೇಲೇ ಇಟ್ಟರು. "ಮಣಿ ಅಂತ ತಿಳದೆ ನಾ" ಎಂದರು. ಅವರನ್ನೂ ಏನೆನ್ನುವುದು? ಕರ್ರಗೆ, ಚಪ್ಪಟೆಗೆ, ಮಣೆಯ ಹಾಗೇ ಇದ್ದದ್ದು ನಿಜ.

ಅದೇ ಮನೆಯಲ್ಲಿ ಬಾಲ್ಕನಿಯ ಪಕ್ಕ ಒಂದು ಸಣ್ಣ ಖೋಲಿ ಇತ್ತು. ಕಿಟಕಿ ಇತ್ತು, ಬೆಳಕಿತ್ತು, ಮುಚ್ಚಿದರೆ ಮುಚ್ಚಿಕೊಳ್ಳುವ ಬಾಗಿಲೂ ಇತ್ತು. ಅದರಲ್ಲಿ ವಾಸವಾಗಿದ್ದವರು ಒಂದು ಕೆಟ್ಟ ಕೂಲರ್, ಅತ್ತೆಯ ತವರಿನ ಎರಡು ಟ್ರಂಕು, ಮತ್ತು ಮಾವ ಸೋಮಣ್ಣ ಒಂದೂ ರದ್ದಿಗೆ ಹಾಕದೆ ಕೂಡಿಟ್ಟ ಪೇಪರುಗಳು. ಏಳು ವರ್ಷ ಶಿವಗಂಗಾ ಆ ಕೂಲರಿನ ಮೇಲೆ ಹೊಟ್ಟೆಕಿಚ್ಚು ಪಟ್ಟಳು.

ಮೈದುನ ಕೌಶಲ್‌ನ ಮದುವೆ ನಿಶ್ಚಯವಾದಾಗ ಅವಳ ನಸೀಬು ಖುಲಾಯಿಸಿತು ಅಂದುಕೊಳ್ಳಿ. ಹುಡುಗಿ ಪ್ರಿಯಂವದಾ, ಕೌಶಲ್‌ನ ಹಾಗೆಯೇ ಮಾದಾಪುರದ ಕಂಪನಿಯೊಂದರಲ್ಲಿ ಕೆಲಸ. ಲಗ್ನಪತ್ರಿಕೆ ಯಾರು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣು ಒಟ್ಟಿಗೆ ಟೇಬಲ್ಲಿನ ಕಡೆ ತಿರುಗಿತು.

"ಐದ್ ಮಿನಿಟಿನ ಕೆಲಸ, ವೈನಿ" ಎಂದ ಕೌಶಲ್.

"ಮಾಡ್ತೀನಿ. ಆದರ ಮಾವಾರ, ಮದವಿ ಮುಗಿಯೂದರಾಗ ಆ ಖೋಲಿ ನನಗ ಬೇಕ್ರಿ. ಕೆಲಸಕ್ಕ" ಎಂದಳು ಶಿವಗಂಗಾ.

ಸೋಮಣ್ಣ ಆಳಂದ ಕಡೆಯಿಂದ ಬಂದು ಮೂವತ್ತನಾಲ್ಕು ವರ್ಷ ಕೇಂದ್ರ ಸರಕಾರದ ರಕ್ಷಣಾ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ದುಡಿದವರು. ಒಂದು ಸ್ಕ್ರೂ ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೂ ವಾಪಸು ಕಳಿಸಿದ ಮನುಷ್ಯ. ಯೋಚನೆ ಮಾಡಿ, "ಆತು. ಕಾರ್ಡ್ ಮುಗಸವ್ವಾ, ಖೋಲಿ ನಿಂದು. ಇದು ನನ್ನ ಮಾತು" ಎಂದರು. ಗಂಡ ದೀಪಕ ಮೊಬೈಲಿನಿಂದ ತಲೆ ಎತ್ತದೆ "ಮಸ್ತ್" ಎಂದ. ಅವನು ಏನು ಹೇಳಿದರೂ ಅಷ್ಟೇ.

ಆಮೇಲೆ ಶುರುವಾಯಿತು ನೋಡಿ ಐದು ಮಿನಿಟಿನ ಕೆಲಸ. ಮೂರು ವಾರ ನಡೆಯಿತು.

ಗಣಪತಿ ಎಡಕ್ಕೋ ಬಲಕ್ಕೋ ಎಂಬುದಕ್ಕೆ ಎರಡು ದಿನ. ಶಿವಗಂಗಾ ಇಳಕಲ್ ಸೀರೆಯ ಸೆರಗಿನ ತೆನೆಗಳನ್ನು ಅಂಚಿಗೆ ತಂದು, ನಡುವೆ ಖಾಲಿ ಜಾಗ ಬಿಟ್ಟು ಚೆಂದಗೆ ಮಾಡಿದ್ದಳು. ಖಾಲಿ ಜಾಗ ಕಂಡರೆ ಅತ್ತೆಗೆ ಸಂಕಟ. "ಇಲ್ಲಿ ಇಷ್ಟ್ ಬಯಲು ಬಿಟ್ಟೀಯಲ್ಲ, ಒಂದು ಕಳಸ ಕುಂದರಸು. ಆ ಕಡೀ ಬಾಳಿಗಿಡ. ಪುಕ್ಕಟ ಜಾಗ ಯಾಕ ಹಾಳ ಮಾಡ್ತಿ?" ಕಳಸ ಬಂತು, ಬಾಳೆ ಬಂತು, ಇನ್ನೇನು ಆನೆಯೂ ಬರುವುದಿತ್ತು, ಕೌಶಲ್ ಕೈಮುಗಿದ.

ಇದೆಲ್ಲ ಬಿಡಿ. ನಿಜವಾದ ಕುರುಕ್ಷೇತ್ರ ನಡೆದದ್ದು ಕೆಳಗಿನ ಪಟ್ಟಿಯಲ್ಲಿ. ನಮ್ಮ ಲಗ್ನಪತ್ರಿಕೆಗಳನ್ನು ವಧೂವರರಿಗಾಗಿ ಅಚ್ಚು ಹಾಕಿಸುತ್ತಾರೆ ಎಂದು ನಂಬಿದವರು ಇನ್ನೂ ಸಣ್ಣವರು. ಅದನ್ನು ಅಚ್ಚು ಹಾಕಿಸುವುದು 'ತಮ್ಮ ಸುಖಾಗಮನ ಬಯಸುವವರು' ಎಂಬ ಸಾಲಿನ ಕೆಳಗೆ ಇಡೀ ವಂಶವನ್ನು ನಿಲ್ಲಿಸುವುದಕ್ಕೆ. ಹಿರಿಯರು ಮೇಲೆ, ಕಿರಿಯರು ಕೆಳಗೆ, ಅಳಿಯಂದಿರು ಬೇರೆ ಸಾಲು, ಮಾತು ಬಿಟ್ಟವರು ಅಕ್ಕಪಕ್ಕ ಬರಬಾರದು. ಸೋಮಣ್ಣ ಕೆಂಪು ಪೆನ್ನು, ಸ್ಟೀಲಿನ ಪಟ್ಟಿ ಹಿಡಿದು ಒಂದೊಂದು ಅಕ್ಷರದ ಎತ್ತರ ಅಳೆದರು. ಒಬ್ಬ ಕಾಕಾನ ಹೆಸರು ಇನ್ನೊಬ್ಬ ಕಾಕಾನಿಗಿಂತ ಉದ್ದ ಎಂಬುದಕ್ಕೆ ಕಾಕಾನೇ ಕಾರಣವೇ ಹೊರತು ಸೊಸೆಯಲ್ಲ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಒಂದು ಮಧ್ಯಾಹ್ನ ಹೋಯಿತು. ಕೊನೆಗೆ ನಲವತ್ತೊಂದು ಹೆಸರು ಕೂತವು. ಇನ್ನೊಂದು ಹಿಡಿಯಲು ತೆರವಿಲ್ಲ.

ಫೈಲು ಪ್ರೆಸ್ಸಿಗೆ ಹೋಗಬೇಕಾದ ದಿನ ಮಧ್ಯಾಹ್ನ ಆಳಂದದಿಂದ ಗೋದಾಬಾಯಿಯ ಫೋನು. ಸೋಮಣ್ಣನ ಅಕ್ಕ. ಆಕೆಯ ಮರಿಮೊಮ್ಮಗನಿಗೆ ಮೊನ್ನೆ ತೊಟ್ಟಿಲು ಹಾಕಿ ಗುರುಶಾಂತ ಎಂದು ಹೆಸರಿಟ್ಟಿದ್ದರು. ಆ ಕೂಸಿನ ಹೆಸರು ಕಾರ್ಡಿನಲ್ಲಿ ಬೇಕು. ಇಪ್ಪತ್ತೆರಡು ದಿನದ ಕೂಸಿಗೆ ಹಾಲು, ನಿದ್ದೆ ಬಿಟ್ಟು ನಮ್ಮ ನಿಮ್ಮ ಸುಖಾಗಮನ ಬಯಸುವ ಉಮೇದು ಬಂದಿತ್ತು!

"ಹಾಕಿಬಿಡು ಗಂಗಾ. ಅಕ್ಕ ಸಿಟ್ಟಾದರ ಮದವೀನ ಕೆಡಸ್ತಾಳ" ಎಂದರು ಮಾವ.

ಶಿವಗಂಗಾ ಮತ್ತೆ ಕೂತಳು. ಯಾವ ಹೆಸರನ್ನು ಅಲ್ಲಾಡಿಸಿದರೂ ಒಬ್ಬ ಕಾಕಾ ಬೀಳುತ್ತಾನೆ. ಇದ್ದುದರಲ್ಲಿ ಕೇಳುವವರಿಲ್ಲದ ಹೆಸರು ಒಂದೇ. 'ಸೌ. ಶಿವಗಂಗಾ' ಎಂಬ ಸಾಲನ್ನು ಹಿಡಿದು, ಪರದೆಯ ಮೇಲೆ ಕಾಣುವ ಪುಟದ ಗೆರೆಯಾಚೆ ಸರಿಸಿಟ್ಟಳು. ಕೆಲಸ ಮಾಡುವಾಗ ಬೇಕಾದದ್ದನ್ನು ಹೀಗೆ ಪಕ್ಕದ ಬಯಲಿನಲ್ಲಿ ಇಟ್ಟುಕೊಳ್ಳುವುದು ಡಿಸೈನರುಗಳ ರೂಢಿ. ಗೆರೆಯೊಳಗಿದ್ದದ್ದು ಅಚ್ಚಾಗುತ್ತದೆ, ಹೊರಗಿದ್ದದ್ದು ಆಗುವುದಿಲ್ಲ. ಗುರುಶಾಂತ ಕೂತ ಮೇಲೆ ಅಕ್ಷರ ತುಸು ಸಣ್ಣದು ಮಾಡಿ ತನ್ನನ್ನೂ ಒಳಗೆ ಕರೆದುಕೊಂಡರಾಯಿತು ಅಂದುಕೊಂಡಳು.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಗಗನ ಅಳುತ್ತ ಬಂದಳು. ನಾಳೆ ಬೆಳಿಗ್ಗೆ ಶಾಲೆಗೆ ಜಲಚಕ್ರದ ಚಾರ್ಟು ಒಯ್ಯಬೇಕು. ಹೇಳಿ ಹತ್ತು ದಿನವಾಯಿತಂತೆ, ಇವಳಿಗೆ ಈಗ ನೆನಪಾಯಿತಂತೆ. "ನಿಮ್ಮ ಮಮ್ಮಿ ಡಿಸೈನರ್, ನಿಂದಽ ಚಲೋ ಇರಬೇಕು ಅಂದಾರ ಮಿಸ್ಸು!" ಮೂರನೇ ಕ್ಲಾಸಿನ ಚಾರ್ಟು ಯಾರ ಮಾರ್ಕಿಗೆಂದು ಎಲ್ಲ ತಾಯಂದಿರಿಗೂ ಗೊತ್ತು. ಶಿವಗಂಗಾ ಮೋಡ ಬರೆದಳು, ಸಮುದ್ರ ಬರೆದಳು. ಬಾಣದ ಗುರುತು ಹಾಕುತ್ತಿದ್ದಾಗ ಸುಲ್ತಾನ್ ಬಜಾರಿನ ಪ್ರೆಸ್ಸಿನ ಸಾಯಿಕುಮಾರನ ಫೋನು: "ಮೇಡಂ, ಮಿಷನ್ ಖಾಲಿಗಾ ಉಂದಿ. ಫೈಲ್ ಪಂಪಂಡಿ!" ಮಿಷನ್ ಖಾಲಿ ಇದೆ, ಕಳಿಸಿ ಎಂದ. ಕಳಿಸಿಬಿಟ್ಟಳು.

ಅಂದೇ ಸಂಜೆ ಸಾಯಿಕುಮಾರ ತಪ್ಪೊಪ್ಪು ನೋಡಲು ಒಂದು ಪ್ರತಿ ಕಳಿಸಿದ. ಗಗನಳೂ ಸೇರಿ ಇಡೀ ಮನೆ ಅದರ ಮೇಲೆ ಬಗ್ಗಿತು. ಪ್ರತಿಯೊಬ್ಬರೂ ತಮ್ಮ ಹೆಸರು ಹುಡುಕಿದರು, ಸಿಕ್ಕಿತು, ಸಮಾಧಾನಪಟ್ಟರು. ಸೋಮಣ್ಣ ಗಣಪತಿಯ ಸೊಂಡಿಲಿನಿಂದ ಹಿಡಿದು ಅಳೆದು, ಮೂಲೆಯಲ್ಲಿ ಸಹಿ ಹಾಕಿದರು. ದೀಪಕ "ಮಸ್ತ್" ಎಂದ. ಶಿವಗಂಗಾ ಆ ಹೊತ್ತಿಗೆ ಸಮುದ್ರಕ್ಕೆ ನೀಲಿ ಹಚ್ಚುತ್ತಿದ್ದಳು. ಆರುನೂರು ಕಾರ್ಡು ಅಚ್ಚಾಗಿ ಬಂದವು. ಊರಕಡೆಯ ಮುನ್ನೂರು ಮರುದಿನವೇ ಆಳಂದದ ದಾರಿ ಹಿಡಿದವು.

ಶನಿವಾರ ಬೆಳಿಗ್ಗೆ ಖೋಲಿಯಿಂದ ಕೂಲರ್ ಹೊರಬಂತು. ಶಿವಗಂಗಾ ಅಡುಗೆಮನೆಯಿಂದಲೇ ನೋಡಿದಳು. ಟ್ರಂಕು ಬಂದವು. ಪೇಪರು ಕೂಡ ಬಂದವು! ಅವಳಿಗೆ ಕುಣಿಯುವ ಹಾಗಾಯಿತು. ಕಿಟಕಿಯ ಕೆಳಗೆ ಟೇಬಲ್ಲು, ಗೋಡೆಗೆ ತೆಳು ಹಳದಿ ಬಣ್ಣ, ಎದುರಿಗೆ ತನ್ನ ಡಬ್ಬಗಳ ಒಂದು ಸಾಲು ಎಂದು ಮನಸ್ಸಿನಲ್ಲೇ ಜೋಡಿಸಿಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಅಳತೆ ತೆಗೆಯಲು ಹೋದರೆ ಒಳಗೆ ಕೌಶಲ್ ಆಗಲೇ ಟೇಪು ಹಿಡಿದು ನಿಂತಿದ್ದ.

"ವೈನಿ, ಪ್ರಿಯಂವದಾ ವಾರಕ್ಕ ಎರಡು ದಿನ ಮನೀಲಿಂದ ಕೆಲಸ ಮಾಡ್ತಾಳ. ನಾನೂ ಆವತ್ತಽ ಮನ್ಯಾಗ ಇರ್ತೀನಿ. ಇಬ್ಬರದೂ ಮೀಟಿಂಗ್ ಇದ್ದರ ಬೆಡ್‌ರೂಮಿನ್ಯಾಗ ಹೆಂಗ ಆಗ್ತೈತಿ? ಅದಕ್ಕ ಈ ಖೋಲಿ ಅಕೀಗೆ."

ಶಿವಗಂಗಾ ಮಾವನ ಕಡೆ ನೋಡಿದಳು. ಮಾವ ಪೇಪರಿನ ಗಂಟಿನ ಕಡೆ ನೋಡಿದರು. "ಮಾತು ಕೊಟ್ಟಿದ್ದೆ ಖರೆ. ಆದರ ಅಕೀದು ಕಂಪನಿ ಕೆಲಸ ನೋಡವ್ವಾ..."

ಕಂಪನಿ ಕೆಲಸ! ಹಾಗಾದರೆ ಇವಳದ್ದೇನು, ರಂಗೋಲಿಯೇ? ಶಿವಗಂಗಾ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದಳು, ಕಣ್ಣೀರಿಗೆ ಒಂದು ನೆಪ ಬೇಕಲ್ಲ. ಅವಳಿಗೆ ಅವಮಾನವಾಗಿತ್ತು. ವಾರಗಿತ್ತಿಯಾಗಿ ಬರುವ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಆ ಕೆಟ್ಟ ಕೂಲರಿಗೆ ಸಿಕ್ಕ ಜಾಗಕ್ಕೂ ತಾನು ಯೋಗ್ಯಳಲ್ಲವಾಯಿತಲ್ಲ ಎಂಬುದೇ ನೋವು.

ಹನ್ನೊಂದು ಗಂಟೆಗೆ ಫೋನು ಬಂತು. ಗೋದಾಬಾಯಿಯದು. ಆಕೆಯ ದನಿಗೆ ಸ್ಪೀಕರೇ ಬೇಕಿಲ್ಲ, ಆದರೂ ಸೋಮಣ್ಣ ಹಾಕಿದರು.

"ಸೋಮಾ! ಕಾರ್ಡ್ ಬಂತು. ಕೂಸಿನ ಹೆಸರು ಚಂದ ಬಂದೈತಿ. ಆದರ ಇದೇನೋ? ದೀಪಕನ ಹೆಸರು ಒಂದಽ ಐತಿ, ಹಿರೀ ಸೊಸೀ ಹೆಸರಽ ಇಲ್ಲ! ಬಿಟ್ಟು ಹೋದಳೇನು? ಇಲ್ಲಿ ಊರ ಮಂದಿ ಎಲ್ಲಾ ಕೇಳಾಕತ್ತಾರ. ಯಾರ್ಯಾರಿಗೆ ಏನೇನ್ ಹೇಳಬೇಕೋ ಎಲ್ಲಾ ನಾನಽ ಹೇಳೀನಿ. ನಾಳಿ ಮುಂಜಾನಿ ಬಸ್ಸಿಗೆ ಬರ್ತೀನಿ, ಕಣ್ಣಾರೆ ನೋಡ್ತೀನಿ."

ಫೋನು ಇಟ್ಟ ಮೇಲೆ ಐವರೂ ಕಾರ್ಡು ತೆಗೆದು ನೋಡಿದರು. ನಲವತ್ತೊಂದು ಹೆಸರು. ಮೂವತ್ತನಾಲ್ಕು ವರ್ಷ ಸ್ಕ್ರೂ ನೋಡಿದ ಕಣ್ಣಿಗೆ ಸೊಸೆ ಬಿದ್ದುಹೋದದ್ದು ಕಂಡಿರಲಿಲ್ಲ. ಶಿವಗಂಗಾಗೂ ಆಗಲೇ ಗೆರೆಯಾಚೆ ಬಿಟ್ಟುಬಂದ ತನ್ನ ಹೆಸರು ನೆನಪಾಯಿತು.

"ನೀನಽ ಮಾಡಿದ್ದಿ, ನಿನ್ನ ಹೆಸರಽ ಮರತೀಯೇನ!" ಎಂದರು ಅತ್ತೆ. "ಮಂದಿ ಮನಿ ಒಡೀತು ಅಂತಾರಲ್ಲ ಇನ್ನ!"

"ಹೌದ್ರಿ, ತಪ್ಪು ನಂದಽ. ನಾ ಮರತೆ" ಎಂದಳು ಶಿವಗಂಗಾ. "ನೀವು ಐದು ಮಂದಿ ನೋಡಿದ್ರಿ. ನಿಮಗ್ಯಾಕ ಕಾಣಲಿಲ್ಲ?"

ದೀಪಕ ಮೊಬೈಲು ಕೆಳಗಿಟ್ಟ. ಬಾಯಿ ತೆರೆದ. ಮಸ್ತ್ ಎನ್ನುವ ಸಂದರ್ಭವಲ್ಲವಾದ್ದರಿಂದ ಮುಚ್ಚಿಕೊಂಡ.

ಕೌಶಲ್‌ಗೆ ಉಪಾಯ ಹೊಳೆಯಿತು. "ಸಣ್ಣ ಸ್ಟಿಕ್ಕರ್ ಮಾಡ್ರಿ ವೈನಿ. ಉಳಿದ ಕಾರ್ಡಿಗೆ ಹಚ್ಚೂಣು. ಊರಿಗೂ ಕಳಸೂಣು."

"ಸ್ಟಿಕ್ಕರ್ ಯಾಕಪಾ? ಇದ್ದದ್ದು ಸರಿಯಾಗಽ ಐತಿ." ಶಿವಗಂಗಾ ಸೆರಗು ಕೊಡವಿ, ಅಂದು ಮೊದಲ ಸಲ ಹಾಡುಹಗಲು ಹಾಲಿನ ಸೋಫಾದ ಮೇಲೆ ಕಾಲು ಮಡಚಿ ಕೂತಳು. "ಕಾರ್ಡಿನ್ಯಾಗ ಹೆಸರಿದ್ದವರು ಕರೆಯೋರು. ಹೆಸರಿಲ್ಲದವರು ಕರಿಸ್ಕೊಳ್ಳೋರು. ಅತ್ತೇರ, ಕುಂಕುಮ ಹಚ್ಚಿ, ಅಕ್ಷತಿ ಕೊಟ್ಟು, ನನಗೂ ಒಂದು ಕಾರ್ಡ್ ಕೊಡ್ರಿ. ಕರದರ ಬರ್ತೀನಿ. ಇಲ್ಲಂದ್ರ ಹೆಂಗ ಬರಲಿ?"

"ಚ್ಯಾಷ್ಟಿ ಮಾಡಬ್ಯಾಡ ಗಂಗಾ" ಎಂದರು ಅತ್ತೆ.

"ಚ್ಯಾಷ್ಟಿ ಎಲ್ಲಿದ್ರಿ? ನಾಳಿ ಗೋದಾಬಾಯಿ ಅತ್ತೇರು ಬಂದಾಗ ನಾನೂ ಅವರ ಬಾಜೂಕ ಹಿಂಗಽ ಕುಂದರ್ತೀನಿ. ಚಾ ಯಾರು ಮಾಡ್ತಾರ, ಉಂಡಿ ಯಾರು ಕಟ್ಟತಾರ, ಬೀಗರಿಗೆ ಹಾಸಿಗಿ ಯಾರು ಹಾಸ್ತಾರ, ಅದನ್ನ ಆ ನಲವತ್ತೊಂದು ಮಂದಿ ನೋಡ್ಕೋಬೇಕು. ಗುರುಶಾಂತ ಅದಾನಲ್ಲ, ಅವಗ ಹೇಳ್ರಿ." ಆಮೇಲೆ ಸೇರಿಸಿದಳು, "ಮತ್ತ ಕರದ ಮ್ಯಾಲ ಬಂದವರಿಗೆ ಇಳಕೊಳ್ಳಾಕ ಒಂದು ಖೋಲಿ ಕೊಡೋದು ಮನೆತನದ ರೀತಿ. ಆ ಖೋಲಿ ಹೆಂಗೂ ಖಾಲಿ ಆಗೇತಿ."

ವಿಶಾಲಾಕ್ಷಿ ಗಂಡನ ಮುಖ ನೋಡಿದರು. ಸೋಮಣ್ಣನ ಕಣ್ಣ ಮುಂದೆ ನಾಳೆ ಬೆಳಗಿನ ಸೋಫಾ ಹಾದುಹೋಯಿತು: ಒಂದು ತುದಿಗೆ ಅಕ್ಕ, ಇನ್ನೊಂದು ತುದಿಗೆ ಸೊಸೆ, ಆಮೇಲೆ ಇಡೀ ಆಳಂದ. ಸೊಸೆಯ ಮುಖ ನೋಡದೆ, "ತಪ್ಪು ನಂದು. ನಾ ಸಹಿ ಹಾಕೀನಿ" ಎಂದರು. "ಕೌಶಲ್, ಟೇಪ್ ವೈನೀ ಕೈಯಾಗ ಕೊಡು."

ವಿಶಾಲಾಕ್ಷಿ ಗೊಣಗುತ್ತಲೇ ಕುಂಕುಮದ ಭರಣಿ ತಂದರು. ಹಣೆಗೆ ಒತ್ತಿದ ರಭಸ ನೋಡಿದರೆ ಅದು ಆಶೀರ್ವಾದವೋ ಮೊಟಕೋ ಹೇಳುವುದು ಕಷ್ಟ. ಕಾರ್ಡು ಕೊಟ್ಟು, "ಬಾರವ್ವಾ ಮಾರಾಯ್ತಿ, ಮದವೀಗೆ ಬಾ" ಎಂದರು. ಆಮೇಲೆ ಸೊಂಟದ ಮೇಲೆ ಕೈ ಇಟ್ಟು, "ಆ ಹುಡುಗಿಗೆ ಏನ್ ಹೇಳೂದು? ಆತು, ಅಕೀನಽ ಊಟದ ಟೇಬಲ್ ಮ್ಯಾಲ ಕುಂದರಲಿ. ಇನ್ನ ಅದು ಖಾಲೀನಽ ಇರತೈತಲ್ಲ" ಎಂದರು.

ಶಿವಗಂಗಾ ಕಾರ್ಡು ಹಿಡಿದು ಎದ್ದವಳು ಅಲ್ಲೇ ನಿಂತಳು. ಗೆದ್ದ ಖುಷಿ ಅರ್ಧಕ್ಕೇ ನಿಂತಿತು. ಇನ್ನೂ ಹೊಸ್ತಿಲು ದಾಟದ ಹುಡುಗಿಗೆ ಇವರು ಆಗಲೇ ಜಾಗ ತೋರಿಸಿಬಿಟ್ಟಿದ್ದರು, ಇವಳ ಏಳು ವರ್ಷದ ಜಾಗವನ್ನೇ.

"ಬ್ಯಾಡ್ರಿ. ಅಕೀ ಟೇಬಲ್ಲೂ ಖೋಲ್ಯಾಗಽ ಹಾಕಸ್ತೀನಿ, ಇಬ್ಬರೂ ಕುಂದರ್ತೀವಿ. ಒಬ್ಬಾಕೀದು ಮೀಟಿಂಗ್ ಇದ್ದರ ಇನ್ನೊಬ್ಬಾಕಿ ಬೆಡ್‌ರೂಮಿಗೆ ಹೋಗ್ತೀವಿ. ಊಟದ ಟೇಬಲ್ ಮ್ಯಾಲ ನಿಮ್ಮ ಸಣ್ಣ ಮಗ ಕುಂದರಲಿ."

"ಅಲ್ಲಿ?" ಕೌಶಲ್ ಗಾಬರಿಯಾದ. "ಅಲ್ಲಿ ಹೆಂಗ ಆಗ್ತೈತಿ ವೈನಿ? ಕುಕ್ಕರ್ ಒದರ್ತೈತಿ, ಮಂದಿ ಓಡ್ಯಾಡ್ತಾರ, ಒಂದ್ ಮಾತು ಸುದ್ದಾ ಕೇಳಸಂಗಿಲ್ಲ. ಅಲ್ಲಿ ಯಾರರ ಕೆಲಸ ಮಾಡಾಕ ಆಗ್ತೈತೇನು?"

"ಹೌದೇನಪಾ?" ಎಂದಳು ಶಿವಗಂಗಾ, ಅವನ ಕೈಯಿಂದ ಟೇಪು ತೆಗೆದುಕೊಂಡು. "ಏಳು ವರ್ಷ ಆತು, ನನಗ ಯಾರೂ ಹೇಳೇ ಇಲ್ಲ ನೋಡು."